ಕೈಗುಣಕ್ಕೂ ವಯಸ್ಸಾಗುತ್ತದೆಯೇ?

ಈಚೆಗೆ ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಅರ್ಧ ಲೋಟಕ್ಕೆ ಇಳಿದಿದೆ. ಇಳಿಸಿದವರು ನಮ್ಮ ಯಜಮಾನರು. ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿ ಬಂದ ಮೇಲೆ ಅವರು ಮೊದಲು ವಶಪಡಿಸಿಕೊಂಡದ್ದು ನನ್ನ ಅಡುಗೆಮನೆಯ ಫಿಲ್ಟರನ್ನು. ಕಾಫಿ ಚೆನ್ನಾಗಿಯೇ ಮಾಡುತ್ತಾರೆ. ಇಲ್ಲವೆಂದರೆ ಬಾಯಲ್ಲಿ ಹುಳ ಬಿದ್ದೀತು. ಹಲ್ಲಿನ ಡಾಕ್ಟರಾದ ನನಗೆ ಆ ಅಪವಾದ ಬೇಡ. ಆದರೆ ಅರ್ಧ ಲೋಟ ಯಾಕೆ?

"ಯಾಕ್ರೀ, ಹಾಲಿನವನು ಕೈಕೊಟ್ನಾ?" ಎಂದು ಕೇಳಿದೆ.

"ಮೊದ್ಲು ಅದನ್ನ ಕುಡಿ, ಆಮೇಲೆ ಇನ್ನರ್ಧ ಕೊಡ್ತೀನಿ. ಒಂದೇ ಸಲ ತುಂಬಿಸಿದ್ರೆ ಆರಿ ಹೋಗುತ್ತೆ," ಎಂದರು, ಪೇಪರಿನಿಂದ ತಲೆ ಎತ್ತದೆ.

ನ್ಯಾಯವಾದ ಮಾತೇ. ಆದರೂ ಆ ಅರ್ಧ ಲೋಟವನ್ನು ಕೈಗೆತ್ತಿಕೊಳ್ಳದೆ ನೋಡುತ್ತಲೇ ಕೂತೆ. ಯಾಕೆಂದರೆ ಅದನ್ನು ನಾನು ಹಿಂದೆಯೂ ನೋಡಿದ್ದೆ. ನಮ್ಮಪ್ಪನ ಕೊನೆಗಾಲದಲ್ಲಿ ಅಮ್ಮ ಅವರಿಗೆ ಹೀಗೆಯೇ ಅರ್ಧರ್ಧ ಕಾಫಿ ಕೊಡುತ್ತಿದ್ದಳು. ತುಂಬಿದ ಲೋಟ ಕೊಟ್ಟರೆ ಅಪ್ಪ ಪಂಚೆಯ ಮೇಲೆ ಚೆಲ್ಲಿಕೊಳ್ಳುತ್ತಿದ್ದರು. ಅವರ ಕೈ ನಡುಗುತ್ತಿತ್ತು.

ಅಪ್ಪ ಮಗ್ಗದವರು. ಅವರ ಕೈ ನಡುಗಿದರೆ ಎಳೆ ಕಡಿದೀತು, ಸೀರೆ ಕೆಟ್ಟೀತು, ಅಷ್ಟೇ. ನನ್ನ ಕೈ ಇರುವುದು ಬೇರೆಯವರ ಬಾಯೊಳಗೆ. ಹಲ್ಲಿನ ಡಾಕ್ಟರಿಗೆ ತಲೆ ಸ್ವಲ್ಪ ಕೈಕೊಟ್ಟರೂ ಹೇಗೋ ನಡೆದೀತು, ಕೈಯೇ ಕೈಕೊಟ್ಟರೆ ನಡೆಯುವುದಿಲ್ಲ.

ನಮ್ಮ ಕಡೆ ಡಾಕ್ಟರ ಓದನ್ನು ಯಾರೂ ಕೇಳುವುದಿಲ್ಲ, ಕೈಗುಣ ಹೇಗಿದೆ ಎಂದು ಕೇಳುತ್ತಾರೆ. ಗೋಡೆಯ ಮೇಲೆ ತೂಗುಹಾಕಿದ ನನ್ನ ಪದವಿ ಪತ್ರವನ್ನು ಇಷ್ಟು ವರ್ಷಗಳಲ್ಲಿ ಓದಿದ್ದು ಒಂದು ಹಲ್ಲಿ ಮಾತ್ರ. ಅದು ಅದರ ಹಿಂದೆಯೇ ಸಂಸಾರ ಹೂಡಿದೆ. ಆದರೆ ನಮ್ಮ ದೊಡ್ಡಬಳ್ಳಾಪುರದಿಂದ ಮಧುರೆ ಹೋಬಳಿಯವರೆಗೆ "ಡಾಕ್ಟ್ರಮ್ಮನ ಕೈಗುಣ ಒಳ್ಳೇದು" ಎಂಬ ಮಾತಿದೆ. ಮೊದಮೊದಲು ಕೇಳಿ ಉಬ್ಬಿಹೋಗುತ್ತಿದ್ದೆ. ಈಗ ಆ ಮಾತು ಕಿವಿಗೆ ಬಿದ್ದರೆ ಬೇರೆ ಮಾತು ತೆಗೆಯುತ್ತೇನೆ. ಓದು ಮರೆತರೆ ಪುಸ್ತಕ ತೆರೆದು ನೋಡಬಹುದು. ಕೈಗುಣ ಹೊರಟುಹೋದರೆ ಯಾವ ಪುಸ್ತಕ ತೆರೆಯೋಣ, ಹೇಳಿ.

ನಮ್ಮ ಯಜಮಾನರ ಕೆಲಸವೇ ಸುಖ. ಸೇರಿದ ದಿನವೇ ಬಿಡುವ ದಿನವೂ ಗೊತ್ತಿತ್ತು. ಅರವತ್ತು ತುಂಬಿತು, ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೈಗಿಟ್ಟು ಮನೆಗೆ ಕಳಿಸಿದರು. ಪೇಟ ತಲೆಗಿಂತ ದೊಡ್ಡದಾಗಿ ಕಣ್ಣಿನವರೆಗೆ ಇಳಿದಿದ್ದರಿಂದ ಭಾಷಣ ಮಾಡಿದವರ ಮುಖ ಇವರಿಗೆ ಕಾಣಲೇ ಇಲ್ಲವಂತೆ. ಹಲ್ಲಿನ ಡಾಕ್ಟರಿಗೆ ಇಂಥದ್ದೇನೂ ಇಲ್ಲ. "ಇನ್ನು ಸಾಕು, ಇಕ್ಕಳ ಕೆಳಗಿಡಿ" ಎಂದು ಯಾವ ಆದೇಶವೂ ಬರುವುದಿಲ್ಲ. ಜ್ಯೋತಿಷಿಗೆ ವಯಸ್ಸಾದಷ್ಟೂ ಬೆಲೆ ಹೆಚ್ಚು, ವಕೀಲರಿಗೆ ಕೂದಲು ನೆರೆತಷ್ಟೂ ಮರ್ಯಾದೆ. ನಮಗೆ? ಯಾರು ಹೇಳಬೇಕು? ಬಾಯಿ ತೆರೆದು ಕೂತವರು ಮಾತಾಡಲಾರರು, ಬಾಯಿ ಮುಚ್ಚಿದ ಮೇಲೆ ಅವರಿಗೆ ದಾಕ್ಷಿಣ್ಯ.

ದಾಕ್ಷಿಣ್ಯವೆಂದಾಗ ಮುನಿಯಪ್ಪ ನೆನಪಾಗುತ್ತಾರೆ. ನಮ್ಮ ಬೀದಿಯ ಗಂಡಸರಿಗೆಲ್ಲ ಕ್ಷೌರ ಮಾಡುತ್ತಿದ್ದವರು. ನಾನು ಲಂಗ ಹಾಕಿಕೊಂಡು ಓಡಾಡುವ ಹೊತ್ತಿಗೇ ಅವರಿಗೆ ವಯಸ್ಸಾಗಿ, ಹಿಡಿದ ಕತ್ತಿ ಗಾಳಿಯಲ್ಲಿ ತೂಗಾಡುತ್ತಿತ್ತು. ಅಪ್ಪ ಭಾನುವಾರ ಅವರ ಮುಂದೆ ಕಣ್ಣುಮುಚ್ಚಿ, ಉಸಿರು ಬಿಗಿಹಿಡಿದು ಕೂರುವರು. ಎದ್ದು ಬರುವಾಗ ಗಲ್ಲದ ಮೇಲೆ ಅಲ್ಲಲ್ಲಿ ಪೇಪರಿನ ಚೂರು. ರಕ್ತ ನಿಲ್ಲಲು ಅಂಟಿಸಿಕೊಂಡದ್ದು.

"ಕುತ್ತಿಗೆ ಕುಯ್ಕೊಂಡು ಬರೋ ಬದ್ಲು ಬೇರೆ ಕಡೆ ಹೋಗಬಾರದೇನ್ರೀ?" ಎಂದು ಅಮ್ಮ ರೇಗುತ್ತಿದ್ದಳು.

"ಇಷ್ಟು ವರ್ಷ ಮಾಡಿದ ಕೈ ಕಣೇ. ಬೇಡ ಅಂತ ಹೆಂಗೆ ಹೇಳೋದು?" ಎನ್ನುತ್ತಿದ್ದರು ಅಪ್ಪ.

ಬೀದಿಯವರೆಲ್ಲ ಹೀಗೆಯೇ ಗಲ್ಲಕ್ಕೆ ಪೇಪರು ಅಂಟಿಸಿಕೊಂಡು ಓಡಾಡಿದರೇ ಹೊರತು, ಒಬ್ಬರೂ ಮುನಿಯಪ್ಪನವರಿಗೆ ಹೇಳಲಿಲ್ಲ. ತಮ್ಮ ಕೈ ಇನ್ನೂ ಚೆನ್ನಾಗಿದೆ ಎಂದುಕೊಂಡೇ ಅವರು ತೀರಿಹೋದರು. ಆಗ ನಗು ಬರುತ್ತಿತ್ತು. ಈಗ ಕ್ಲಿನಿಕ್ಕಿನ ಬೆಂಚಿನ ಮೇಲೆ ಹಳಬರು ಕೂತಿರುವುದನ್ನು ಕಂಡರೆ, ಇವರೆಲ್ಲ ಕೈಗುಣಕ್ಕೆ ಬಂದವರೋ ದಾಕ್ಷಿಣ್ಯಕ್ಕೆ ಬಂದವರೋ ಎಂದು ಒಬ್ಬೊಬ್ಬರ ಮುಖವನ್ನೂ ಕಳ್ಳನಂತೆ ನೋಡುತ್ತೇನೆ.

ಇಷ್ಟು ದಿನ ನನಗೆ ಒಂದು ನೆಪವಿತ್ತು. ಮಗ್ಗದ ಊರಿನವರಿಗೆ ಮಾತ್ರ ಸಿಗುವ ನೆಪ ಅದು. ನನ್ನ ಕ್ಲಿನಿಕ್ಕಿರುವುದು ನಾನು ಹುಟ್ಟಿ ಬೆಳೆದ ಬೀದಿಯಲ್ಲೇ. ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ, ಹಿಂದಿನ ಗೋಡೆಗೆ ಆತುಕೊಂಡೇ ಇನ್ನೊಂದು ಮನೆಯ ಮಗ್ಗ. ಬೆಳಗಿನಿಂದ ಲಟಪಟ ಲಟಪಟ. ನೆಲ ಅದುರುತ್ತದೆ, ಗೋಡೆ ಅದುರುತ್ತದೆ, ಬಾಯಿ ಮುಕ್ಕಳಿಸಲು ಇಟ್ಟ ಲೋಟದ ನೀರಿನಲ್ಲಿ ಸದಾ ಸಣ್ಣ ಸುಳಿ ಎದ್ದಿರುತ್ತದೆ. ಹೊಸಬರು ಭೂಕಂಪವೆಂದು ಎದ್ದು ನಿಂತದ್ದುಂಟು. ನಮಗೆ ಅದು ಸದ್ದೇ ಅಲ್ಲ. ನಾನು ಮಲಗಿದ್ದ ತೊಟ್ಟಿಲನ್ನು ಯಾರೂ ತೂಗಬೇಕಾಗಿರಲಿಲ್ಲ, ಮಗ್ಗವೇ ತೂಗುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಕರೆಂಟು ಹೋಗಿ ಮಗ್ಗಗಳು ನಿಂತರೆ ಬೀದಿಯ ಕೂಸುಗಳೆಲ್ಲ ಒಟ್ಟಿಗೆ ಎದ್ದು ಕಿಟಾರನೆ ಕಿರುಚುತ್ತಿದ್ದವು. ಬೇರೆ ಊರಿನ ಮಕ್ಕಳು ಸದ್ದಿಗೆ ಏಳುತ್ತವೆ, ನಮ್ಮವು ಸದ್ದು ನಿಂತರೆ ಏಳುತ್ತವೆ.

ಹಾಗಾಗಿ ಮೊನ್ನೆ ಮೊನ್ನೆ ರೋಗಿಯ ಬಾಯೊಳಗೆ ಹಿಡಿದ ಬಾಯಿಕನ್ನಡಿ ಹಲ್ಲಿಗೆ ಟಿಕ್ ಟಿಕ್ ಎಂದು ತಾಗತೊಡಗಿದಾಗ ನಾನು ಬೈದದ್ದು ಮಗ್ಗವನ್ನು. "ಜಯಮ್ಮ, ಹಿಂದಿನ ಮನೆಯವರು ಹೊಸ ಮಗ್ಗ ಹಾಕಿದಾರೇನು? ಕುರ್ಚಿ ಎಲ್ಲಾ ಅದುರ್ತಾ ಇದೆ," ಎಂದೆ. ಜಯಮ್ಮ ನನ್ನ ಕ್ಲಿನಿಕ್ಕಿನಲ್ಲಿ ಮೊದಲ ದಿನದಿಂದ ಇರುವವಳು. "ಇರ್ಬೋದು ಬಿಡೀಮ್ಮ," ಎಂದಳು. ಕುರ್ಚಿಯ ಕಾಲಿಗೆ ರಬ್ಬರು ಹಾಕಿಸಿದೆ. ಬಾಗಿಲಿಗೆ ಸ್ಪಂಜು ಹೊಡೆಸಿದೆ. ಹಿಂದಿನ ಮನೆಯವರ ಹತ್ತಿರ ಜಗಳಕ್ಕೂ ಹೋಗಿದ್ದೆ. ಪಾಪ, ಅವರು ಹೊಸ ಮಗ್ಗ ಹಾಕಿರುವುದಿರಲಿ, ಇದ್ದುದರಲ್ಲೇ ಒಂದನ್ನು ಮಾರಿದ್ದರು. ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. ಹೆದರಿದವರಿಗೆ ಬುದ್ಧಿ ಎಲ್ಲಿಂದ ಬರಬೇಕು? ಮಾರಿದ ಮಗ್ಗದ ಜಾಗ ಖಾಲಿಯಾಗಿ ಸದ್ದು ಪ್ರತಿಧ್ವನಿಸುತ್ತಿದೆ ಎಂದುಕೊಂಡು ಮನೆಗೆ ಬಂದೆ.

ಮಧುರೆಯ ರಂಗಣ್ಣನವರು ಬಂದದ್ದು ಸೋಮವಾರ. ಹೊಲ ಮಾಡಿಕೊಂಡಿರುವವರು, ನನಗಿಂತ ಹಿರಿಯರು. ಅವರ ತಾಯಿಯ ಹಲ್ಲು ಕಿತ್ತವಳು ನಾನು, ಅವರ ಹೆಂಡತಿಯ ಹಲ್ಲು ಕಿತ್ತವಳು ನಾನು, ಮೊಮ್ಮಗಳ ಹಲ್ಲಿಗೆ ತಂತಿ ಕಟ್ಟಿಸಿದವಳು ನಾನು.

"ಡಾಕ್ಟ್ರಮ್ಮಾ, ಪ್ರಾಣ ಹೋಯ್ತೈತೆ ಕಣಮ್ಮ. ಮುದ್ದೆ ನುಂಗಾಕೂ ಆಯ್ತಿಲ್ಲ. ಮುದ್ದೆಗೆ ಹಲ್ಲೇ ಬ್ಯಾಡ, ಅದೇ ಆಯ್ತಿಲ್ಲ ಅಂದ್ರೆ ನೀವೇ ಲೆಕ್ಕ ಹಾಕಿ!"

ಕೆಳಗಿನ ದವಡೆ ಹಲ್ಲು ಮುರಿದು ಬುಡ ಮಾತ್ರ ಉಳಿದಿತ್ತು. ಕೀಳಲೇಬೇಕು. ಕುರ್ಚಿಗೆ ಒರಗಿಸಿ, ಸೂಜಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು, "ಹೆದರ್ಕೋಬೇಡಿ ರಂಗಣ್ಣ, ಏನೂ ಆಗಲ್ಲ," ಎಂದೆ.

ಈ ಮಾತು ನನಗೆ ನಮ್ಮಜ್ಜಿಯಿಂದ ಬಂದ ಆಸ್ತಿ. ನನ್ನ ಮೊದಲ ಹಲ್ಲು ಅಲುಗಾಡಿದಾಗ ಅಜ್ಜಿ ಮಗ್ಗದಿಂದ ಒಂದು ಗಟ್ಟಿ ಎಳೆ ತಂದು ಹಲ್ಲಿಗೆ ಸುತ್ತಿ, ಅದರ ತುದಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು, "ಹೆದರ್ಕೋಬ್ಯಾಡ ಕಣವ್ವ, ಏನೂ ಆಗಾಕಿಲ್ಲ. ನೋಡು, ಸೂರಿನ ಮ್ಯಾಲೆ ಗುಬ್ಬಿ!" ಎಂದಿದ್ದಳು. ಗುಬ್ಬಿ ಇರಲಿಲ್ಲ. ತಲೆಯೆತ್ತಿದ ನನ್ನ ಹಲ್ಲೂ ಇರಲಿಲ್ಲ. ಅದನ್ನು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವಾಗ ನಾನು ರಕ್ತ ಉಗುಳುತ್ತಾ, ಜನ್ಮದಲ್ಲಿ ಇನ್ಯಾರೂ ನನ್ನ ಹಲ್ಲು ಮುಟ್ಟಬಾರದೆಂದು ಅಳುತ್ತಿದ್ದೆ. ಹಲ್ಲಿಗೆ ಅಷ್ಟು ಹೆದರಿದವಳು ಹಲ್ಲಿನ ಡಾಕ್ಟರಾದದ್ದು ಯಾಕೆಂದು ಕೇಳುತ್ತೀರಾ? ಎಳೆಯ ಯಾವ ತುದಿಯಲ್ಲಿರುವುದು ವಾಸಿ ಎಂದು ಆವತ್ತೇ ಗೊತ್ತಾಗಿತ್ತು.

ಇರಲಿ. ರಂಗಣ್ಣನವರು ಕಣ್ಣು ಮುಚ್ಚಿ ಬಾಯಿ ತೆರೆದರು. ಎಡಗೈಯಿಂದ ಅವರ ಕೆನ್ನೆ ಸರಿಸಿ, ಬಲಗೈಯ ಸೂಜಿಯನ್ನು ಒಸಡಿನ ಹತ್ತಿರ ತಂದೆ. ತುದಿ ಅದುರುತ್ತಿತ್ತು. ಹಾಳು ಮಗ್ಗ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅಷ್ಟರಲ್ಲಿ ಕರೆಂಟು ಹೋಯಿತು.

ಇಡೀ ಬೀದಿಯ ಮಗ್ಗಗಳು ಒಮ್ಮೆಲೇ ನಿಂತವು. ಕುರ್ಚಿಯ ಮೇಲಿನ ದೀಪ ಮಾತ್ರ ಬ್ಯಾಟರಿಯಲ್ಲಿ ಉರಿಯುತ್ತಿತ್ತು. ಎಲ್ಲೋ ಒಂದು ಕೂಸು ಎದ್ದು ಅಳಲು ಶುರುಮಾಡಿತು. ಪಕ್ಕದಲ್ಲಿದ್ದ ಲೋಟದ ನೀರು ನಿಧಾನವಾಗಿ ತಿಳಿಯಾಗಿ, ಕನ್ನಡಿಯ ಹಾಗೆ ನಿಂತುಬಿಟ್ಟಿತು. ನೆಲ ನಿಂತಿತ್ತು, ಗೋಡೆ ನಿಂತಿತ್ತು, ಕುರ್ಚಿ ನಿಂತಿತ್ತು.

ಸೂಜಿ ನಿಂತಿರಲಿಲ್ಲ.

ನನಗೆ ಜೀವಮಾನದಲ್ಲಿ ಅಂಥ ಭಯ ಆದದ್ದಿಲ್ಲ. ಆ ತುದಿ ಅವರ ನಾಲಗೆಯ ಬುಡದಿಂದ ಬೆರಳಗಲ ದೂರದಲ್ಲಿ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ನಿಲ್ಲು ಎಂದೆ, ನಿಲ್ಲಲಿಲ್ಲ. ಮೊಣಕೈ ಪಕ್ಕೆಗೆ ಒತ್ತಿಕೊಂಡೆ, ಉಸಿರು ಹಿಡಿದೆ, ನಿಲ್ಲಲಿಲ್ಲ. ಇಷ್ಟು ಕಾಲ ನನ್ನ ಕೈ ಎಂದುಕೊಂಡದ್ದು ಬೇರೆ ಯಾರದೋ ಕೈಯಂತೆ ಕಂಡಿತು. ಮೆಲ್ಲಗೆ, ಅವರಿಗೆ ತಾಗದಂತೆ, ಸೂಜಿಯನ್ನು ಹೊರಗೆ ತಂದು ತಟ್ಟೆಯಲ್ಲಿಟ್ಟೆ. ತಟ್ಟೆ ಗಲಗಲ ಎಂದಿತು. ಜಯಮ್ಮ ಆ ಕಡೆ ತಿರುಗಿ ಹತ್ತಿಯ ಡಬ್ಬಿ ಜೋಡಿಸತೊಡಗಿದಳು.

ಇಕ್ಕಳದ ಸದ್ದು ಎಂದುಕೊಂಡರೋ ಏನೋ, ರಂಗಣ್ಣನವರು ಕಣ್ಣುಬಿಟ್ಟು ಕೆನ್ನೆ ಸವರಿಕೊಂಡರು.

"ಕಿತ್ತೇ ಬಿಟ್ರಾ ತಾಯಿ? ಗೊತ್ತೇ ಆಗ್ಲಿಲ್ವಲ್ಲಾ! ಅಬ್ಬಬ್ಬಾ, ಕೈಗುಣ ಅಂದ್ರೆ ಇದು ಕಣಮ್ಮ!"

"ಇನ್ನೂ ಸೂಜೀನೇ ಹಾಕಿಲ್ಲ ಕಣಣ್ಣೋ," ಎಂದಳು ಜಯಮ್ಮ.

ಬೇರೆ ದಿನವಾಗಿದ್ದರೆ ಬಿದ್ದುಬಿದ್ದು ನಗುತ್ತಿದ್ದೆ. ಆವತ್ತು ಆಗಲಿಲ್ಲ. ನಾನು ಆ ಸೂಜಿ ಎಲ್ಲಿಗೆ ಚುಚ್ಚಿದ್ದರೂ ಈ ಮನುಷ್ಯ ಒಳ್ಳೆಯದೇ ಆಯಿತೆಂದು ಕೈಮುಗಿದು ಹೋಗುತ್ತಿದ್ದರು. ಮುನಿಯಪ್ಪನವರಿಗಾದರೂ ಗಲ್ಲದ ಮೇಲಿನ ಪೇಪರಿನ ಚೂರು ಕಾಣಬಹುದಿತ್ತು. ನನ್ನ ತಪ್ಪು ಬಾಯೊಳಗೆ ಮುಚ್ಚಿಹೋಗುತ್ತದೆ.

"ರಂಗಣ್ಣ, ನಾನು ಕೀಳಲ್ಲ. ನನ್ನ ಕೈ ಸರಿ ಇಲ್ಲ," ಎಂದೆ.

"ಹಂಗಾರೆ ನಾಳೆ ಬತ್ತೀನಿ ಬಿಡಿ."

"ನಾಳೆಯೂ ಸರಿ ಇರಲ್ಲ. ಬಸ್‌ಸ್ಟ್ಯಾಂಡ್ ಹತ್ರ ಸಹನಾ ಅಂತ ಡಾಕ್ಟರಿದಾರೆ. ತುಂಬಾ ಚೆನ್ನಾಗಿ ಮಾಡ್ತಾರೆ. ನಾನೇ ಫೋನ್ ಮಾಡಿ ಹೇಳ್ತೀನಿ."

ಅವರ ಮುಖ ಸಪ್ಪಗಾಯಿತು. "ಆ ಹುಡುಗೀನಾ? ಹಾಲು ಹಲ್ಲೇ ಬಿದ್ದಿಲ್ಲ ಅದಕ್ಕಿನ್ನೂ. ನೀವು ಕೀಳಾಕಿಲ್ಲ ಅಂದ್ರೆ ಈ ಹಲ್ಲು ನನ್ ಜೊತೇಲೇ ಮಣ್ಣಿಗೆ ಹೋಗ್ಲಿ ಬಿಡಿ," ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ತೆಗೆದುಕೊಂಡು ಹೋದರು.

ಆಮೇಲೆ ಬೇರೆಯದೇ ಹೆದರಿಕೆ ಹತ್ತಿತು. ಹಲ್ಲಿನ ಬುಡದ ಕೀವು ದವಡೆಯಲ್ಲಿ ಸುಮ್ಮನೆ ಕೂರುವ ಜಾತಿಯದಲ್ಲ, ಕುತ್ತಿಗೆಗೆ ಇಳಿದರೆ ಪ್ರಾಣಕ್ಕೇ ಬರುತ್ತದೆ. ಕಿತ್ತರೂ ಭಯ, ಕೀಳದಿದ್ದರೂ ಭಯ. ನನ್ನ ಕೈಗುಣವನ್ನು ನಂಬಿದ್ದಕ್ಕೆ ಒಬ್ಬರ ಜೀವ ಹೋಗುವುದೇ? ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಸೋಫಾದ ಮೇಲೆ ಕೂತೆ. ಯಜಮಾನರು ಕಾಫಿ ತಂದರು. ಅರ್ಧ ಲೋಟ.

"ಯಾವಾಗಿಂದ ಗೊತ್ತಿತ್ತು ನಿಮಗೆ?" ಎಂದೆ.

ಕಾಫಿ ಆರಿಹೋಗುವ ಕಥೆಯನ್ನೇ ಹೇಳುತ್ತಾರೇನೋ ಎಂದುಕೊಂಡಿದ್ದೆ. ಹೇಳಲಿಲ್ಲ. ಪಕ್ಕದಲ್ಲಿ ಕೂತರು. "ಗೌರಿ ಹಬ್ಬದಿಂದ. ನಿನ್ನ ರಂಗೋಲಿ ಎಳೆ ಡೊಂಕಾಗಿತ್ತು. ನೀನು ನೋಡ್ಕೊಂಡು, ಅಳಿಸಿ, ಜಯಮ್ಮನ ಕೈಲಿ ಹಾಕಿಸ್ದೆ."

"ಹೇಳ್ಬಾರದಿತ್ತಾ?"

"ಹೆಂಗೆ ಹೇಳ್ಲಿ ಹೇಳು. ಇಷ್ಟು ವರ್ಷ ಮಾಡಿದ ಕೈ," ಎಂದರು.

ಅಪ್ಪನ ಮಾತೇ, ಅಕ್ಷರ ಬದಲಾಗದೆ. ನನಗೆ ಅಳು ಬಂತು, ಅತ್ತುಬಿಟ್ಟೆ. ಯಜಮಾನರು ಬೆಂಗಳೂರಿನಲ್ಲಿ ನರದ ಡಾಕ್ಟರೊಬ್ಬರನ್ನು ಆಗಲೇ ವಿಚಾರಿಸಿ, ಗುರುವಾರಕ್ಕೆ ಸಮಯ ಕೇಳಿಟ್ಟಿದ್ದರಂತೆ. ನನಗೆ ಹೇಳಲು ಧೈರ್ಯ ಸಾಲದೆ ಸುಮ್ಮನಿದ್ದರಂತೆ. "ವಯಸ್ಸಿನ ನಡುಕ ಇರ್ಬೋದು ಕಣೆ, ಮಾತ್ರೇಲಿ ಹೋಗ್ಬೋದು," ಎಂದರು. ಇರಬಹುದು. ಅಪ್ಪನದೂ ಮೊದಲು ವಯಸ್ಸಿನ ನಡುಕವೆಂದೇ ಡಾಕ್ಟರು ಹೇಳಿದ್ದರು. ಕಡೆಗೆ ಅವರಿಗೆ ತಮ್ಮ ಅಂಗಿಯ ಗುಂಡಿ ಹಾಕಿಕೊಳ್ಳಲಾಗುತ್ತಿರಲಿಲ್ಲ. ನಾವು ಗುಂಡಿ ಹಾಕಲು ಹೋದರೆ ಮುಖ ಆಚೆ ತಿರುಗಿಸುತ್ತಿದ್ದರು.

ಬೆಳಗ್ಗೆ ಕ್ಲಿನಿಕ್ಕಿಗೆ ಹೋದರೆ ರಂಗಣ್ಣನವರು ಮೆಟ್ಟಿಲ ಮೇಲೆ ಕೂತಿದ್ದರು. ಕೆನ್ನೆ ಸ್ವಲ್ಪ ಊದಿತ್ತು. ನನ್ನನ್ನು ಕಂಡು ಎದ್ದು ನಿಂತು, ಮುನಿಸಿಕೊಂಡ ಮಗುವಿನ ಹಾಗೆ ಆಚೆ ನೋಡುತ್ತಾ ಹೇಳಿದರು:

"ಆ ಹುಡುಗಿ ತಾವ ಹೋಯ್ತೀನಿ. ಆದ್ರೆ ನೀವೂ ಬರ್ಬೇಕು. ಅವ್ಳು ಕೀಳೋವಾಗ ನಿಮ್ ಕೈ ನನ್ ಕೈಯಾಗಿರ್ಬೇಕು. ಇಲ್ದಿದ್ರೆ ನಾನು ಬಾಯಿ ತೆಗ್ಯಾಕಿಲ್ಲ."

ಹೋದೆವು. ಸಹನಾಳ ಕ್ಲಿನಿಕ್ಕು ಅಂಗಡಿಗಳ ಸಾಲಿನಲ್ಲಿ ಮಹಡಿಯ ಮೇಲಿದೆ. ಮಗ್ಗದ ಸದ್ದು ಅಲ್ಲಿಗೆ ಕೇಳಿಸುವುದಿಲ್ಲ. ಲೋಟದ ನೀರು ಅಲ್ಲಾಡುವುದಿಲ್ಲ. ಅಲ್ಲಿ ನನಗೆ ಬಚ್ಚಿಟ್ಟುಕೊಳ್ಳಲು ಏನೂ ಇರಲಿಲ್ಲ. ಬಾಗಿಲಲ್ಲೇ ಅವಳಿಗೆ ಹೇಳಿಬಿಟ್ಟೆ. "ನನ್ನ ಕೈ ನಡುಗುತ್ತೆ ಕಣಮ್ಮ. ಇನ್ಮೇಲೆ ನಾನು ಇಕ್ಕಳ ಹಿಡಿಯಲ್ಲ. ನಮ್ಮ ಜನ ನಿಧಾನವಾಗಿ ನಿನ್ನ ಹತ್ರ ಬರ್ತಾರೆ, ಸ್ವಲ್ಪ ಬೈತಾರೆ, ಬೇಜಾರು ಮಾಡ್ಕೋಬೇಡ." ಹೇಳಿದ ಮೇಲೆ ಗೊತ್ತಾಯಿತು, ನಾನು ನಿವೃತ್ತಳಾದದ್ದು ಹೀಗೆ ಎಂದು. ಶಾಲಿಲ್ಲ, ಪೇಟವಿಲ್ಲ. ಬಸ್ಸುಗಳ ಹಾರನ್ನು ಮಾತ್ರ ಕೇಳಿಸುತ್ತಿತ್ತು. ಆ ಹುಡುಗಿ ತಾನು ಕೂರುವ ಸ್ಟೂಲನ್ನೇ ಎಳೆದು ನನಗೆ ಕೊಟ್ಟಳು.

ರಂಗಣ್ಣನವರು ಕುರ್ಚಿಗೆ ಒರಗಿದರು. ನಾನು ಪಕ್ಕದಲ್ಲಿ ಕೂತು ಅವರ ಎಡಗೈ ಹಿಡಿದುಕೊಂಡೆ. ನೇಗಿಲು ಹಿಡಿದು, ಗುದ್ದಲಿ ಹಿಡಿದು ಜಡ್ಡುಗಟ್ಟಿದ ಕೈ. ಸಹನಾ ಒಂದು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು ಬಂದು, "ಹೆದರ್ಕೋಬೇಡಿ ತಾತ, ಏನೂ ಆಗಲ್ಲ," ಎಂದಳು. ಇವಳಿಗೆ ಇದನ್ನು ಯಾವ ಅಜ್ಜಿ ಕಲಿಸಿದಳೋ.

ಇಷ್ಟು ಕಾಲ ಆ ಕುರ್ಚಿಯ ಇನ್ನೊಂದು ಬದಿಯಲ್ಲೇ ನಿಂತಿದ್ದವಳು ನಾನು. ಈ ಬದಿಯಿಂದ ನೋಡಿದರೆ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ, ಸೂಜಿ ಎಷ್ಟು ಉದ್ದ ಕಾಣುತ್ತದೆ! ಗುರುವಾರ ನೆನಪಾಯಿತು. ಅಂಥದ್ದೇ ಒಂದು ದೀಪದ ಕೆಳಗೆ ಯಾರೋ ನನ್ನ ಎರಡೂ ಕೈ ಮುಂದೆ ಚಾಚಿಸಿ ನೋಡುತ್ತಾರೆ. ನೋಡಿ, ನಗುನಗುತ್ತಾ ಇದೇ ಮಾತು ಹೇಳುತ್ತಾರೆ. ಅಪ್ಪನ ಅಂಗಿಯ ಗುಂಡಿಗಳು ಕಣ್ಣ ಮುಂದೆ ಬಂದವು. ನನ್ನ ಕೈ ನಡುಗತೊಡಗಿತು. ಹಿಡಿದಷ್ಟೂ ಜೋರಾಯಿತು. ರಂಗಣ್ಣನವರ ಕೈಯೂ ಅದರ ಜೊತೆ ಅಲುಗಾಡುತ್ತಿತ್ತು.

ಅವರು ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದರು. ಊದಿದ ಕೆನ್ನೆ, ಅರ್ಧ ತೆರೆದ ಬಾಯಿ. ನನ್ನ ಕೈಯನ್ನು ಗಟ್ಟಿಯಾಗಿ ಅದುಮಿದರು.

"ಹೆದರ್ಕೋಬ್ಯಾಡಿ ಡಾಕ್ಟ್ರಮ್ಮ. ಏನೂ ಆಗಾಕಿಲ್ಲ. ನಾನಿಲ್ವಾ?"

ಆ ಮಾತನ್ನು ಹೇಳುವವರ ಒಂದು ಕೈ ಎಲ್ಲಿರುತ್ತದೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅಭ್ಯಾಸಬಲದಿಂದ ಅವರ ಇನ್ನೊಂದು ಕೈಯನ್ನು ಹುಡುಕಿದೆ. ಅದು ಕುರ್ಚಿಯ ತೋಳಿನ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಅದರಲ್ಲಿ ಏನೂ ಇರಲಿಲ್ಲ.